ಮನೆಗಳ ಸಾಲು ಊರಾಗಲಾರದು
(ಮಠದ ಮಹೋತ್ಸವದ ಗ್ರಾಮಜೀವನ ಗೋಷ್ಠಿಯಲ್ಲಿ ಮಂಚಿಕೇರಿ ಸೀಮೆಯ ವಸತಿಯ ವಿಷಯವಾಗಿ ಮಾಡಿದ ಭಾಷಣ)



ನನಗೆ ಒಪ್ಪಿಸಿರುವ ವಿಷಯವು ಗ್ರಾಮದ ವಸತಿ. ಮನೆಯಿಲ್ಲದವರಿಗಾಗಿ ಹೊಸದೊಂದು ಬಡಾವಣೆಯನ್ನು ಕಟ್ಟಿ, ಅದರೊಡನೆ ಶಾಲೆ, ನೀರು, ಸಮುದಾಯ ಭವನ ಮೊದಲಾದ ಸೌಕರ್ಯಗಳನ್ನೂ ಒದಗಿಸಬೇಕೆಂಬ ಸೂಚನೆಯು ಒಂದು ಊರಿಗೆ ಬಂದಾಗ ಅದನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡತಕ್ಕದ್ದು? ವಿಚಾರವು ಗಾಳಿಯಲ್ಲಿ ತೇಲದಿರಲೆಂದು ಯಲ್ಲಾಪುರ ತಾಲೂಕಿನ ಮಂಚಿಕೇರಿ ಸೀಮೆಯನ್ನು ಉದಾಹರಣೆಗೆ ತೆಗೆದುಕೊಂಡಿರುವೆನು.

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಊರನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಬೇಡ್ತಿ ಹೊಳೆಯ ಸೀಮೆಯದು. ಹೆಸರಿನಲ್ಲಿ ಕೇರಿಯುಂಟಾದರೂ ಸುತ್ತಲಿನ ವಾಸಕ್ರಮವು ಬಯಲುನಾಡಿನ ಕೇರಿಯಂತಲ್ಲ. ಧಾರವಾಡ, ಹಾವೇರಿಗಳ ಕಡೆಯ ಹಳ್ಳಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿರುವವು. ಇಲ್ಲಿಯಾದರೋ ಅಡಿಕೆಯ ತೋಟದ ಅಂಚಿಗೆ ಒಂದು ಮನೆ, ಗುಡ್ಡದಾಚೆ ಮತ್ತೊಂದು. ಕಾಡಿನಂಚಿನಲ್ಲಿ ಸಿದ್ದಿಗಳ ಮನೆಗಳು. ಎಮ್ಮೆಗಳಿಗೆ ಮೇವು ದೊರೆಯುವೆಡೆಯಲ್ಲಿ ಗೌಳಿಗಳ ದೊಡ್ಡಿಗಳು. ದುಡಿಮೆಯಿದ್ದಲ್ಲಿ ಮನೆ ಎಂಬುದೇ ಈ ಸೀಮೆಯ ನಿಯಮ.

ಈ ಮನೆಗಳ ಅಡಿಯ ನೆಲ ಯಾರದು? ಇಲ್ಲಿಯೇ ತೊಡಕಿನ ಮೂಲವಿರುವುದು. ಉತ್ತರ ಕನ್ನಡ ಜಿಲ್ಲೆಯ ಮುಕ್ಕಾಲು ಪಾಲಿಗೂ ಮಿಕ್ಕ ಭೂಮಿಯು ಅರಣ್ಯ. ಬ್ರಿಟಿಷರ ಆಳ್ವಿಕೆಯಲ್ಲಿ ಘಟ್ಟದ ಮೇಲಣ ಈ ತಾಲೂಕುಗಳ ತೋಟಿಗರಿಗೆ ಒಂದೆಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆಯಿತು. ತೋಟಕ್ಕೆ ಸೊಪ್ಪು ಬೇಕೆಂಬುದನ್ನು ಸರಕಾರವು ಅಂದೇ ಮನಗಂಡಿತು. ತೋಟದಲ್ಲಿ ದುಡಿಯುವವನಿಗೆ ಮನೆಯಡಿ ಬೇಕೆಂಬುದು ಕಾಗದಕ್ಕೆ ಬರಲು ಬಹುಕಾಲ ಹಿಡಿಯಿತು.

2006ರ ಅರಣ್ಯ ಹಕ್ಕು ಕಾಯಿದೆಯು ಆ ಕೊರತೆಯನ್ನು ತುಂಬಲು ಬಂದುದು. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸಿಸಿ ಅದನ್ನೇ ಆಶ್ರಯಿಸಿರುವ ಪರಿಶಿಷ್ಟ ಪಂಗಡದವರಿಗೆ ಹಕ್ಕುಪತ್ರವುಂಟು. ಅದು ಗಂಡಹೆಂಡಿರಿಬ್ಬರ ಹೆಸರಿನಲ್ಲಿರತಕ್ಕದ್ದು, ಮಾರಲು ಬಾರದು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದುದರಿಂದ ಅವರಿಗೆ ಈ ಬಾಗಿಲು ತೆರೆಯಿತು. ಆದರೆ ಆ ಪಟ್ಟಿಯಲ್ಲಿಲ್ಲದ ಇತರ ಅರಣ್ಯವಾಸಿಗಳು ಮೂರು ತಲೆಮಾರಿನ, ಎಂದರೆ 75 ವರುಷಗಳ ವಾಸವನ್ನು ಸ್ಥಾಪಿಸಬೇಕಾಗುವುದು. ಒಂದೇ ಕಾಡಿನಲ್ಲಿ ನೆರೆಹೊರೆಯಾಗಿ ಬಾಳುವ ಎರಡು ಮನೆಗಳಿಗೆ ಎರಡು ಅಳತೆ! ಎಮ್ಮೆಯ ಹಿಂದೆ ನಡೆದ ಗೌಳಿಯ ಅಜ್ಜನು ಯಾವ ದಫ್ತರದಲ್ಲಿ ಹೆಸರು ಬರೆಯಿಸಿಟ್ಟಿದ್ದಾನು?

ಮನೆಯಡಿಯ ಹಕ್ಕಿಲ್ಲದವನಿಗೆ ಮನೆಯ ಸಹಾಯಧನವೂ ದೂರವೇ. ಬಸವ ವಸತಿ ಯೋಜನೆಯೇ ಇರಲಿ, 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯೇ ಇರಲಿ, ಮೊದಲು ನಿವೇಶನ, ಅನಂತರ ಹಣ. ಆ ಕೇಂದ್ರ ಯೋಜನೆಯು ಬಯಲು ಪ್ರದೇಶದ ಮನೆಯೊಂದಕ್ಕೆ 1,20,000 ರೂಪಾಯಿಗಳನ್ನೂ, ಅಡಿಗೆಯ ಸ್ಥಳವೂ ಸೇರಿ ಕನಿಷ್ಠ 25 ಚದರ ಮೀಟರುಗಳ ಅಳತೆಯನ್ನೂ ಗೊತ್ತುಮಾಡಿತು. ಹಣವು ಕಂತುಗಳಲ್ಲಿ ಬರುವುದು. ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಏಳಿಸುವುದು ದುಸ್ತರ. ತಳಪಾಯದ ಕಂತು ಮಳೆಗಾಲದ ಬಾಗಿಲಿಗೆ ಬಂದರೆ ಕೆಲಸವು ದಸರೆಯವರೆಗೂ ನಿಲ್ಲುವುದು. ಅಲ್ಲದೆ, ನಾಲ್ಕು ತಿಂಗಳಿಗೆ ಸಾಲುವಷ್ಟು ಸೌದೆ, ದನಕರು, ಒಣಗಬೇಕಾದ ಬಟ್ಟೆಬರೆ, ಇವೆಲ್ಲಕ್ಕೂ 25 ಚದರ ಮೀಟರಿನಲ್ಲಿ ಇಂಬೆಲ್ಲಿ? ಇಳಿಜಾರಾದ ಹೆಂಚಿನ ಮಾಡು, ಅಗಲವಾದ ಜಗಲಿ, ಸೌದೆಯ ಕೊಟ್ಟಿಗೆ, ಇವು ಇಲ್ಲಿ ಸೊಗಸಿಗಾಗಿ ಬಂದವಲ್ಲ, ಮಳೆಯೇ ಕಲಿಸಿದ ಪಾಠಗಳು.

ಜನರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದು ನೆಲೆಗೊಳಿಸಿದ ಅನುಭವವು ನಮ್ಮ ನಾಡಿಗೆ ಹೊಸದಲ್ಲ. ಇದೇ ಜಿಲ್ಲೆಯಲ್ಲಿ ಕಾಳಿ ಹೊಳೆಗೆ ಸೂಪಾ ಅಣೆಕಟ್ಟು ಎದ್ದಾಗ ಸೂಪಾ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿ, ತಾಲೂಕಿನ ಕಚೇರಿಯು ಜೋಯಿಡಾಕ್ಕೆ ಬಂದಿತು. ನೆಲೆ ತಪ್ಪಿದವರಿಗಾಗಿ ರಾಮನಗರವೆಂಬ ಹೊಸ ಊರು ಹುಟ್ಟಿತು. ತೋಟ, ಗದ್ದೆ, ಕಾಡು ಎಂಬ ಮೂರು ಆಸರೆಗಳನ್ನು ಬಿಟ್ಟು ಬಂದವನಿಗೆ ನಿವೇಶನದ ಚೌಕವೊಂದೇ ಅವುಗಳ ಬದಲಾಗಲಾರದು. ಮುಂದೆ 2009ರ ಮಹಾಪೂರದಲ್ಲಿ ಉತ್ತರ ಕರ್ನಾಟಕದ ಅನೇಕ ಹಳ್ಳಿಗಳು ನೆಲಕಚ್ಚಿದಾಗ ಸರಕಾರವೂ ದಾನಿಗಳೂ ಕೂಡಿ ‘ಆಸರೆ’ ಮನೆಗಳನ್ನು ಕಟ್ಟಿಸಿದರು. ದಾನವು ಸ್ತುತ್ಯವಾದುದು. ಆದರೂ ಹೊಲಕ್ಕೆ ದೂರ, ದನಕ್ಕೆ ಸ್ಥಳವಿಲ್ಲ, ನೀರಿಗೆ ಅಭಾವ ಎಂಬ ಕಾರಣಗಳಿಂದ ಕೆಲವೆಡೆ ಮನೆಗಳು ಬಹುಕಾಲ ಬರಿದಾಗಿಯೇ ನಿಂತವು. ಕಟ್ಟಿದವರಲ್ಲಿ ಕರುಣೆಯಿತ್ತು, ಇರುವವರನ್ನು ಮೊದಲು ಕೇಳುವ ತಾಳ್ಮೆಯು ಸಾಲದೆ ಹೋಯಿತು.

ಹಾಗೆಂದು ಇದ್ದಲ್ಲಿಯೇ ಇರಬೇಕೆಂಬ ಹಟವೂ ಸಲ್ಲದು. 2021ರ ಜುಲೈ ತಿಂಗಳ ಮಳೆಯಲ್ಲಿ ಇದೇ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಜರಿದು ತೋಟಗಳೂ ಮನೆಗಳೂ ಹಾಳಾದವು. ಅಂಥ ನೆಲದಲ್ಲಿ ವಾಸವು ಅಪಾಯಕರವಾದರೆ ಸುಭದ್ರವಾದ ಬೇರೆಡೆಯನ್ನು ಹುಡುಕುವುದೇ ಧರ್ಮ. ಹೊಸ ಬಡಾವಣೆಗೆ ಆರಿಸುವ ಗುಡ್ಡವನ್ನಾದರೂ ಭೂಗರ್ಭವನ್ನು ಬಲ್ಲವರು ಮೊದಲು ಪರೀಕ್ಷಿಸಬೇಕು. ಇಳಿಜಾರನ್ನು ಕಡಿದು ಸಮಮಾಡಿದ ನೆಲವು ಬೇಸಗೆಯಲ್ಲಿ ಗಟ್ಟಿಯಾಗಿ ಕಂಡರೂ ಆಷಾಢದಲ್ಲಿ ತನ್ನ ಗುಣವನ್ನು ತೋರಿಸುವುದು.

ಆದುದರಿಂದ ನಾನು ಮುಂದಿಡುವ ಸೂಚನೆಯು ಇಷ್ಟೇ: ಜನರನ್ನು ಸೌಕರ್ಯದ ಬಳಿಗೆ ಎಳೆಯುವ ಮೊದಲು ಸೌಕರ್ಯವನ್ನು ಜನರ ಬಳಿಗೆ ಒಯ್ಯಬೇಕು. ಇದಕ್ಕೆ ಕಾಯಿದೆಯಲ್ಲಿಯೇ ದಾರಿಯುಂಟು. ಅದೇ 2006ರ ಕಾಯಿದೆಯ 3ನೆಯ ಪ್ರಕರಣವು ಶಾಲೆ, ಔಷಧಾಲಯ, ಅಂಗನವಾಡಿ, ನ್ಯಾಯಬೆಲೆಯ ಅಂಗಡಿ, ಕುಡಿಯುವ ನೀರು, ವಿದ್ಯುತ್ತಂತಿ, ರಸ್ತೆ, ಸಮುದಾಯ ಭವನ ಮುಂತಾದ 13 ಬಗೆಯ ಸೌಕರ್ಯಗಳಿಗೆ ಅರಣ್ಯಭೂಮಿಯನ್ನು ಕೊಡಲು ಅವಕಾಶವಿತ್ತಿದೆ. ಪ್ರತಿಯೊಂದಕ್ಕೂ ಭೂಮಿಯು ಒಂದು ಹೆಕ್ಟೇರಿಗಿಂತ ಕಡಿಮೆಯಿರಬೇಕು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರಗಳು ಬೀಳಬಾರದು. ಗ್ರಾಮಸಭೆಯು ಶಿಫಾರಸು ಮಾಡಬೇಕು. ಮನೆಗಳ ಬಡಾವಣೆಯು ಆ ಪಟ್ಟಿಯಲ್ಲಿಲ್ಲ ಎಂಬುದನ್ನು ಲಕ್ಷ್ಯದಲ್ಲಿಡಿರಿ. ಹೊಸ ಬಡಾವಣೆಗಾಗಿ ಕಂದಾಯ ಭೂಮಿಯನ್ನೋ ಖಾಸಗಿ ಭೂಮಿಯನ್ನೋ ಹುಡುಕುತ್ತಿರುವಾಗಲೇ ಇದ್ದ ಮಜರೆಗಳಿಗೆ ನೀರನ್ನೂ ಅಂಗನವಾಡಿಯನ್ನೂ ತರುವ ಅರ್ಜಿಯನ್ನು ಗ್ರಾಮಸಭೆಯಲ್ಲಿ ಮಂಡಿಸಬಹುದು.

ನಿವೇಶನವೇ ಇಲ್ಲದವರಿಗೆ, ಅಪಾಯದ ನೆಲದಲ್ಲಿರುವವರಿಗೆ ಬಡಾವಣೆಯು ಬೇಕೇ ಬೇಕು. ಅದಕ್ಕೆ ನಾಲ್ಕು ನಿಬಂಧನೆಗಳನ್ನು ಹೇಳುವೆನು. ಮೊದಲನೆಯದು, ದೊಡ್ಡ ಬಡಾವಣೆಯೊಂದಕ್ಕಿಂತ ಹದಿನೈದಿಪ್ಪತ್ತು ಮನೆಗಳ ಚಿಕ್ಕ ಗುಂಪುಗಳು ಲೇಸು. ದುಡಿಮೆಯ ಸ್ಥಳವು ಕಾಲ್ನಡಿಗೆಯಲ್ಲಿ ದೊರಕಬೇಕು. ಎರಡನೆಯದು, ಮೊದಲ ಮನೆಯ ತಳಪಾಯಕ್ಕೆ ಮುನ್ನ ಬೇಸಗೆಯಲ್ಲಿಯೂ ಬತ್ತದ ನೀರು ಕಾಣಬೇಕು. ಮೂರನೆಯದು, ಒಂದು ಜಾತಿಗೊಂದು ಬಡಾವಣೆಯೆಂಬ ಕ್ರಮವು ಬೇಡ. ಊರ ಹೊರಗಿನ ಕೇರಿಯನ್ನು ಸಿಮೆಂಟಿನಲ್ಲಿ ಮತ್ತೊಮ್ಮೆ ಕಟ್ಟಿದಂತಾದೀತು. ನಾಲ್ಕನೆಯದು, ಮನೆ ಪಡೆಯುವ ಕುಟುಂಬದ ಹೆಂಗಸರು ಸ್ಥಳವನ್ನು ನೋಡಿ ಒಪ್ಪಬೇಕು. ನೀರು ಹೊರುವವರೂ ಸೌದೆ ಕೂಡಿಡುವವರೂ ಅವರೇ.

ಸಮುದಾಯ ಭವನದ ವಿಷಯವಾಗಿ ಒಂದು ಮಾತು. ಬೀಗ ಜಡಿದ ಭವನಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಮಂಚಿಕೇರಿಯು ರಂಗಭೂಮಿಯನ್ನು ಬಲ್ಲ ಊರು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಇಲ್ಲಿಯ ಸಿದ್ದಿಗಳಿಂದ, ಆಫ್ರಿಕದ ಚಿನುವ ಅಚಿಬೆಯ ಕಾದಂಬರಿಯ ಆಧಾರದ ಮೇಲೆ ನಾಟಕವಾಡಿಸಿದರು. ಕೂಡಿ ಆಡಬಲ್ಲ, ಕೂಡಿ ಹಾಡಬಲ್ಲ ಜನರ ಕೈಗೆ ಬೀಗದ ಕೈಯನ್ನು ಕೊಟ್ಟರೆ ಭವನವು ಬರಿದಾಗದು.

ಕಡೆಯದಾಗಿ ನಮ್ಮ ಕರ್ತವ್ಯ. ತಮ್ಮಲ್ಲಿ ತೋಟ ಗದ್ದೆಗಳುಳ್ಳವರಿದ್ದೀರಿ. ಆಳುಗಳು ಹತ್ತಿರವಿದ್ದರೆ ನಮಗೆ ಅನುಕೂಲವೆಂಬ ಎಣಿಕೆಯಿಂದ ಬಡಾವಣೆಯ ಸ್ಥಳವನ್ನು ಗೊತ್ತುಮಾಡುವುದು ದಾಸೋಹವಲ್ಲ, ವ್ಯಾಪಾರ. ನಮ್ಮ ಜಮೀನಿನ ಅಂಚಿನಲ್ಲಿ ನೀರಿನ ಕೊಳವೆಗೂ ಕಾಲುದಾರಿಗೂ ಎಡೆಗೊಡುವುದು, ಅರ್ಜಿ ಬರೆಯಲು ಅರಿಯದವರಿಗೆ ಬರೆದುಕೊಡುವುದು, ಮುದುಕರಿಂದ ಮೂರು ತಲೆಮಾರಿನ ವಾಸದ ಸಾಕ್ಷ್ಯವನ್ನು ಅವರು ಬದುಕಿರುವಾಗಲೇ ಬರೆಯಿಸಿಡುವುದು, ಇವು ನಮ್ಮ ಕೈಯಲ್ಲಿರುವ ಕೆಲಸಗಳು. ಬೇಡ್ತಿಯ ವಿದ್ಯುತ್ ಯೋಜನೆಯು ಬಂದಾಗ 1981ರಲ್ಲಿ ಶಿರಸಿಯ ತೋಟಿಗರ ಸಹಕಾರ ಸಂಘವು ಶಾಸ್ತ್ರಜ್ಞರನ್ನು ಕರೆಯಿಸಿ ಲಾಭನಷ್ಟಗಳನ್ನು ತೂಗಿ ನೋಡಿದ ಸೀಮೆಯಿದು. ತೋಟಕ್ಕಾಗಿ ತೋರಿದ ಆ ವಿವೇಕವನ್ನು ತೋಟದಲ್ಲಿ ದುಡಿಯುವವನ ಮನೆಗಾಗಿಯೂ ತೋರಿಸೋಣ.

ಒಂದು ಮಳೆಗಾಲವು ಕಳೆಯುವಷ್ಟರಲ್ಲಿ ಸಾಕ್ಷಿ ಹೇಳಬಲ್ಲ ಒಬ್ಬ ಮುದುಕನು ಕಡಿಮೆಯಾಗುವನು. ತಡಮಾಡಲು ಕಾಲವಿಲ್ಲ.