ರೇಟು ಆಮೇಲೆ, ಮೊದಲು ಟೇಪು ಹಿಡೀರಿ

ಮೊದಲ ಸಲ ಮನೆ ಮಾರೋರ ತಲೇಲಿ ಬರೀ ರೇಟು. ನಾನೂ ಹಾಗೇ ಇದ್ದೆ. ಮೈಸೂರಲ್ಲಿ ಅಪ್ಪ ಕಟ್ಟಿಸಿದ ಮನೆ, ಪತ್ರದಲ್ಲಿ 30x40. ಕೊಳ್ಳುವವರು ಸರ್ವೇಯರ್ ಕರೆಸಿ ಅಳೆಸಿದರೆ ಅಗಲ 29 ಅಡಿ! ಪಕ್ಕದ ಕಾಂಪೌಂಡು ಒಂದಡಿ ಒಳಗೆ ಬಂದಿತ್ತು. ಎಂಜಿನಿಯರಿಂಗ್ ಓದಿದ ನಾನು ಒಮ್ಮೆಯೂ ಅಳೆದಿರಲಿಲ್ಲ. 40 ಚದರಡಿ ದುಡ್ಡು ಹೋಯ್ತು.

ಇ-ಖಾತಾ, ಇ.ಸಿ., ತೆರಿಗೆ ರಸೀದಿ ಅಗ್ರಿಮೆಂಟಿಗೆ ಮುಂಚೆಯೇ ಜೋಡಿಸಿಡಿ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡೀತಾರೆ. ಗಾಬರಿ ಬೇಡ, ಅದು ನಿಮ್ಮ ಪ್ಯಾನ್ ಲೆಕ್ಕಕ್ಕೇ ಜಮೆ. ಸರ್ಟಿಫಿಕೇಟು ಮಾತ್ರ ಕೇಳಿ ಪಡೀರಿ. ಬಾಕಿ ಹಣ ಬ್ಯಾಂಕಿಗೆ ಬಂದ ಮೇಲೆ, ಇಲ್ಲಾ ಡಿಡಿ ಕೈಗೆ ಸಿಕ್ಕ ಮೇಲಷ್ಟೇ ಸಬ್ ರಿಜಿಸ್ಟ್ರಾರ್ ಮುಂದೆ ಸಹಿ.

ಸಾಮಾನು ಸಾಗಿಸೋ ದಿನ ಬೀಗದಕೈ ಕೊಡ್ತಾ ಅಮ್ಮ ಕೇಳಿದ್ದು ಒಂದೇ: "ಹಿತ್ತಲ ಕರಿಬೇವಿಗೆ ನೀರು ಹಾಕ್ತೀರಲ್ವಾ?"