ಪದ ನೋಡೋಕೆ ಒಂದೇ, ಅರ್ಥ ಬೇರೆಬೇರೆ

ಇವತ್ತಿನ ಎಪಿಸೋಡ್ ಒಂದು ಪದದಿಂದ ಶುರು ಮಾಡ್ತೀನಿ. ಇಂತೋಕ್ಸಿಕಾದೊ. ಇದು ಸ್ಪ್ಯಾನಿಷ್ ಪದ. ನಿಮಗೆ ಸ್ಪ್ಯಾನಿಷ್ ಒಂದಕ್ಷರ ಬರದೇ ಇದ್ರೂ ಇದರ ಅರ್ಥ ಗೊತ್ತು ಅನ್ಸುತ್ತೆ, ಅಲ್ವಾ? ಇಂಗ್ಲಿಷಿನ ಇಂಟಾಕ್ಸಿಕೇಟೆಡ್ ಥರಾನೇ ಕೇಳಿಸುತ್ತೆ. ಕುಡಿದಿದ್ದಾನೆ, ಇಲ್ಲಾ ಡ್ರಗ್ಸ್ ತಗೊಂಡಿದ್ದಾನೆ ಅಂತ.

1980ರಲ್ಲಿ ಅಮೆರಿಕದ ಫ್ಲೋರಿಡಾದ ಒಂದು ಆಸ್ಪತ್ರೆಯಲ್ಲೂ ಹೀಗೇ ಅಂದ್ಕೊಂಡ್ರು. 18 ವರ್ಷದ ಹುಡುಗ. ಕ್ಯೂಬಾ ಮೂಲದ ಕುಟುಂಬ. ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಅವನನ್ನು ಎಮರ್ಜೆನ್ಸಿಗೆ ತಂದಿದ್ರು. ಏನೋ ತಿಂದದ್ದು ಆಗಿಬಂದಿಲ್ಲ ಅಂತ ಮನೆಯವರ ಅನುಮಾನ. ಅದನ್ನೇ ಅವರು ಇಂತೋಕ್ಸಿಕಾದೊ ಅಂತ ಹೇಳಿದ್ರು. ಸ್ಪ್ಯಾನಿಷಿನಲ್ಲಿ ಈ ಪದದ ಅರ್ಥ ಅದೇ. ತಿಂದದ್ದೋ ಕುಡಿದದ್ದೋ ವಿಷವಾಗಿ, ಮೈ ಹುಷಾರು ತಪ್ಪೋದು. ನಾವು ಫುಡ್ ಪಾಯ್ಸನಿಂಗ್ ಅಂತೀವಲ್ಲ, ಹಾಗೆ. ಆದ್ರೆ ಡಾಕ್ಟರ್ ಕಿವಿಗೆ ಬಿದ್ದದ್ದು ಇಂಗ್ಲಿಷ್ ಅರ್ಥ. ಡ್ರಗ್ ಓವರ್‌ಡೋಸ್ ಅಂತ ಚಿಕಿತ್ಸೆ ಶುರುವಾಯ್ತು.

ನಿಜವಾಗಿ ಆಗಿದ್ದು ಎರಡೂ ಅಲ್ಲ. ಹುಡುಗನ ಮಿದುಳಿನಲ್ಲಿ ರಕ್ತಸ್ರಾವ ಆಗ್ತಾ ಇತ್ತು. ಅದು ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು. ಎರಡು ಕೈ, ಎರಡು ಕಾಲು ಸ್ವಾಧೀನ ತಪ್ಪಿದವು. ಆಮೇಲೆ ಕೇಸ್ ಆಯ್ತು. ಪರಿಹಾರದ ಮೊತ್ತ ಸುಮಾರು 71 ಮಿಲಿಯನ್ ಡಾಲರ್, ಅಂದ್ರೆ 7 ಕೋಟಿ 10 ಲಕ್ಷ ಡಾಲರ್ ಅಂತ ಲೆಕ್ಕ. ಆಸ್ಪತ್ರೆಗಳಲ್ಲಿ ವೃತ್ತಿಪರ ಅನುವಾದಕರು ಯಾಕೆ ಬೇಕು ಅಂತ ಹೇಳುವಾಗೆಲ್ಲ ಅಮೆರಿಕದಲ್ಲಿ ಇವತ್ತಿಗೂ ಈ ಪ್ರಕರಣದ ಹೆಸರು ಬರುತ್ತೆ.

ಇಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಮನೆಯವರು ಪೂರ್ತಿ ಅಪರಿಚಿತ ಪದ ಹೇಳಿದ್ರೆ ಡಾಕ್ಟರ್ "ಅಂದ್ರೇನು?" ಅಂತ ಕೇಳ್ತಿದ್ರು. ಪದ ಪರಿಚಿತ ಅನ್ನಿಸಿತು, ಹಾಗಾಗಿ ಆ ಪ್ರಶ್ನೆ ಬರಲೇ ಇಲ್ಲ. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನ್ನಿಸೋ ಪದ ಜಾಸ್ತಿ ಅಪಾಯ.

ಸರಿ, ಒಂದೇ ಥರ ಇರೋ ಪದಗಳ ಅರ್ಥ ಇಷ್ಟು ದೂರ ಹೇಗೆ ಹೋಯ್ತು? ಎರಡಕ್ಕೂ ಮೂಲ ಒಂದೇ, ಲ್ಯಾಟಿನ್ನಿನ ಟಾಕ್ಸಿಕುಮ್. ಅಂದ್ರೆ ವಿಷ. ಲ್ಯಾಟಿನ್ನಿಗೆ ಅದು ಗ್ರೀಕ್‌ನಿಂದ ಬಂತು. ಗ್ರೀಕಿನಲ್ಲಿ ಟಾಕ್ಸನ್ ಅಂದ್ರೆ ಬಿಲ್ಲು. ಬಾಣದ ತುದಿಗೆ ಹಚ್ಚೋ ವಿಷದಿಂದ ಶುರುವಾದ ಪದ ಇದು. ಸ್ಪ್ಯಾನಿಷ್ ಮತ್ತು ಫ್ರೆಂಚ್ 'ವಿಷ' ಅನ್ನೋ ಅರ್ಥವನ್ನ ಉಳಿಸಿಕೊಂಡವು. ಇಂಗ್ಲಿಷಿನಲ್ಲೂ ಮೊದಲು ಇಂಟಾಕ್ಸಿಕೇಟ್ ಅಂದ್ರೆ ವಿಷ ಹಾಕೋದು ಅಂತಲೇ ಇತ್ತು. ನಿಧಾನಕ್ಕೆ ಅದು ನಶೆ ಕಡೆ ಜಾರಿತು.

ಇನ್ನೊಂದು ಉದಾಹರಣೆ ಹೇಳ್ತೀನಿ. ಬಿಕಾಂ ಓದಿದ ನನಗೆ ತುಂಬಾ ಇಷ್ಟವಾದದ್ದು ಇದು. ಲ್ಯಾಟಿನ್ನಿನಲ್ಲಿ ಕೊಂಕುರ್ರೆರೆ ಅಂತ ಒಂದು ಕ್ರಿಯಾಪದ ಇದೆ. ಅರ್ಥ ತುಂಬಾ ಸಿಂಪಲ್: ಒಟ್ಟಿಗೆ ಓಡೋದು. ಈಗ ನೀವೇ ಯೋಚಿಸಿ. ನಾಲ್ಕು ಜನ ಒಟ್ಟಿಗೆ ಓಡ್ತಾ ಇದ್ದಾರೆ ಅಂದ್ರೆ ಏನು ನಡೀತಿದೆ?

ಇಂಗ್ಲಿಷ್ ಹೇಳ್ತು, ಎಲ್ಲರೂ ಒಂದೇ ಕಡೆ ಹೋಗ್ತಿದ್ದಾರೆ, ಹಾಗಾದ್ರೆ ಅವರಿಗೆ ಒಮ್ಮತ ಇದೆ. ಅದಕ್ಕೇ ಐ ಕನ್‌ಕರ್ ಅಂದ್ರೆ ನಾನೂ ಒಪ್ತೀನಿ ಅಂತ. ಫ್ರೆಂಚ್ ಹೇಳ್ತು, ಇಲ್ಲಪ್ಪ, ಎಲ್ಲರೂ ಒಂದೇ ಬಹುಮಾನಕ್ಕೆ ಓಡ್ತಿದ್ದಾರೆ. ಹಾಗಾಗಿ ಅಲ್ಲಿ ಕೊಂಕ್ಯುರಾನ್ಸ್ ಅಂದ್ರೆ ಪೈಪೋಟಿ. ಜರ್ಮನ್ನಿನ ಕೊಂಕುರೆಂಟ್ಸ್ ಕೂಡ ಅದೇ. ಇಂಗ್ಲಿಷಿನಲ್ಲಿ ಒಪ್ಪಿಗೆ, ಫ್ರೆಂಚ್-ಜರ್ಮನ್‌ನಲ್ಲಿ ಸ್ಪರ್ಧೆ. ಪೂರ್ತಿ ಉಲ್ಟಾ! ಫ್ರಾನ್ಸಿನಲ್ಲಿ ಸರ್ಕಾರಿ ಕೆಲಸಕ್ಕೆ ಬರೆಯೋ ಸ್ಪರ್ಧಾತ್ಮಕ ಪರೀಕ್ಷೆಗೆ ಕೊಂಕೂರ್ ಅಂತಾರೆ. ನಮ್ಮ ಕೆಎಎಸ್ ಓದೋ ಫ್ರೆಂಡ್ಸ್‌ಗೆ ಆ ಓಟ ಚೆನ್ನಾಗೇ ಗೊತ್ತು.

ಜರ್ಮನ್ನಿನಲ್ಲಿ ಇನ್ನೂ ಒಂದು ಪದ ಇದೆ, ಕೊಂಕುರ್ಸ್. ಅಂದ್ರೆ ದಿವಾಳಿ! ಓಟಕ್ಕೂ ದಿವಾಳಿಗೂ ಏನು ಸಂಬಂಧ? ಒಂದು ವ್ಯಾಪಾರ ಮುಳುಗ್ತಾ ಇದೆ ಅಂತ ಸುದ್ದಿ ಬಂದ ತಕ್ಷಣ ಯಾರು ಓಡಿ ಬರ್ತಾರೆ? ಸಾಲ ಕೊಟ್ಟವರು. ಎಲ್ಲರೂ ಒಟ್ಟಿಗೆ. ಉಳಿದ ಆಸ್ತಿಯಲ್ಲಿ ತಮ್ಮ ಪಾಲು ಸಿಗಲಿ ಅಂತ. ಆ ಓಟದ ಹೆಸರೇ ದಿವಾಳಿಯ ಹೆಸರಾಯ್ತು. ಸ್ಪೇನಿನಲ್ಲಿ ಇವತ್ತಿಗೂ ದಿವಾಳಿ ಪ್ರಕ್ರಿಯೆಯ ಹೆಸರಲ್ಲಿ 'ಸಾಲ ಕೊಟ್ಟವರು ಒಟ್ಟು ಸೇರೋದು' ಅನ್ನೋ ಮಾತಿದೆ. ಜರ್ಮನಿಯಲ್ಲಿ 1999ರಿಂದ ಹೊಸ ಕಾನೂನು ಬಂದು ಇನ್‌ಸಾಲ್ವೆನ್ಸಿ ಅನ್ನೋ ಪದ ಬಂತು. ಸ್ವಿಟ್ಜರ್ಲೆಂಡಿನ ಜರ್ಮನ್ನಿನಲ್ಲಿ ಕೊಂಕುರ್ಸ್ ಈಗಲೂ ಇದೆ.

ಇದೇ ಬೇರಿನ ಎರಡು ಪದಗಳು ನಮ್ಮ ಹತ್ತಿರಾನೂ ಇವೆ. ಮೆಟ್ರೋ ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರ್, ಗೇಟು ಇರೋ ಹಾಲ್‌ಗೆ ಕಾನ್‌ಕೋರ್ಸ್ ಅಂತಾರೆ. ಎಲ್ಲರೂ ಓಡಿ ಬಂದು ಸೇರೋ ಜಾಗ. ಬೆಳಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, ಸಂವಿಧಾನದ ಏಳನೇ ಶೆಡ್ಯೂಲ್‌ನಲ್ಲಿರೋ ಕಾನ್‌ಕರೆಂಟ್ ಲಿಸ್ಟ್, ನಮ್ಮ ಸಮವರ್ತಿ ಪಟ್ಟಿ. ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳು. 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣ ಈ ಪಟ್ಟಿಗೆ ಬಂತು. ಅಲ್ಲಿ ನಡೆಯೋ ಓಟ ಇಂಗ್ಲಿಷ್ ಅರ್ಥದ್ದೋ ಫ್ರೆಂಚ್ ಅರ್ಥದ್ದೋ, ನ್ಯೂಸ್ ನೋಡಿ ನೀವೇ ಹೇಳಿ.

ಅಂದ್ರೆ ಬೇರು ಕೊಡೋದು ಒಂದು ಚಿತ್ರ ಮಾತ್ರ. ಆ ಚಿತ್ರದಲ್ಲಿ ಯಾವುದನ್ನ ನೋಡಬೇಕು ಅಂತ ತೀರ್ಮಾನ ಮಾಡೋದು ಆಯಾ ಭಾಷೆಯ ಜನ, ಅವರ ವ್ಯಾಪಾರ, ಅವರ ಕೋರ್ಟು.

ಈಗ ಕೆಲಸಕ್ಕೆ ಬರೋ ವಿಷಯ. ನಮ್ಮಲ್ಲಿ ಎಷ್ಟೋ ಜನ ಜರ್ಮನ್ ಕಲೀತಿದ್ದಾರೆ. ಕಲಿಯದಿದ್ದವರೂ ಜರ್ಮನ್, ಫ್ರೆಂಚ್ ಕ್ಲೈಂಟ್‌ಗಳ ಮೇಲ್ ಓದ್ತಾರೆ. ಲ್ಯಾಟಿನ್ನಿನ ಒಂದು ಬೇರಿನಿಂದ ಇಂಗ್ಲಿಷಿಗೆ ಇವೆಂಚುವಲಿ ಬಂತು, ಜರ್ಮನ್‌ಗೆ ಎವೆಂಟುಯೆಲ್ ಬಂತು. ಇಂಗ್ಲಿಷಿನಲ್ಲಿ ಅರ್ಥ: ತಡವಾದ್ರೂ ಕೊನೆಗೆ ಆಗಿಯೇ ಆಗುತ್ತೆ. ಜರ್ಮನ್ನಿನಲ್ಲಿ ಅರ್ಥ: ಆಗಬಹುದು, ಆಗದೇನೂ ಇರಬಹುದು. ಫ್ರೆಂಚಿನಲ್ಲೂ ಹಾಗೇ. ಈಗ ಜರ್ಮನ್ ಮಾತಾಡೋ ಒಬ್ಬರು ತಮ್ಮ ಅರ್ಥ ಮನಸ್ಸಲ್ಲಿಟ್ಟು, "ವಿ ವಿಲ್ ಇವೆಂಚುವಲಿ ರಿನ್ಯೂ ದ ಕಾಂಟ್ರ್ಯಾಕ್ಟ್" ಅಂತ ಬರೆದ್ರು ಅನ್ಕೊಳ್ಳಿ. ಅವರು ಹೇಳಿದ್ದು "ನೋಡೋಣ". ನೀವು ಓದಿದ್ದು "ಖಂಡಿತ". ಆ ಖಂಡಿತದ ಮೇಲೆ ನೀವು ಇಬ್ಬರನ್ನ ಕೆಲಸಕ್ಕೆ ತಗೊಂಡ್ರೆ?

ಇದು ಯುರೋಪಿನವರ ತಲೆನೋವು ಮಾತ್ರ ಅಂದ್ಕೋಬೇಡಿ. ನಮಗೆ ಲ್ಯಾಟಿನ್ ಜಾಗದಲ್ಲಿ ಸಂಸ್ಕೃತ ಇದೆ. ಹಿಂದಿಯಲ್ಲಿ ಶಿಕ್ಷಾ ಅಂದ್ರೆ ಓದು, ಕನ್ನಡದಲ್ಲಿ ಶಿಕ್ಷೆ ಅಂದ್ರೆ ದಂಡನೆ. ಓದಿನ ಅರ್ಥ ನಮ್ಮಲ್ಲಿ ಶಿಕ್ಷಣಕ್ಕೆ ಹೋಯ್ತು. ಅವಕಾಶ ಅಂದ್ರೆ ಸಂಸ್ಕೃತದಲ್ಲಿ ಖಾಲಿ ಜಾಗ, ತೆರಪು. ಹಿಂದಿ ಅದನ್ನ ಕೆಲಸದ ನಡುವಿನ ಖಾಲಿ ಜಾಗ ಅಂತ ನೋಡಿ ರಜೆ ಮಾಡ್ತು. ನಾವು ಒಳಗೆ ನುಗ್ಗೋಕೆ ಸಿಕ್ಕ ಜಾಗ ಅಂತ ನೋಡಿ ಚಾನ್ಸ್ ಮಾಡಿದ್ವಿ. ಉಪನ್ಯಾಸ್ ಅವರಿಗೆ ಕಾದಂಬರಿ, ನಮಗೆ ಲೆಕ್ಚರ್. ಯಾರದ್ದೂ ತಪ್ಪಲ್ಲ. ಹೊಸದಾಗಿ ಬೆಂಗಳೂರಿಗೆ ಬಂದವರು ಕನ್ನಡ ಪದವನ್ನ ಹಿಂದಿ ಅರ್ಥದಲ್ಲಿ ಬಳಸಿದ್ರೆ ನಗೋ ಮೊದಲು ಇದೊಂದು ನೆನಪಿರಲಿ.

ಹಾಗಾದ್ರೆ ಏನು ಮಾಡೋದು? ಮೂರೇ ಮಾತು. ಒಂದು, ಆಸ್ಪತ್ರೆ, ಪೊಲೀಸ್ ಸ್ಟೇಷನ್, ಕಾಂಟ್ರ್ಯಾಕ್ಟ್, ಇಂಥ ಕಡೆ ಒಂದು ಪದದಲ್ಲಿ ಮುಗಿಸಬೇಡಿ. ಏನು ತಿಂದ, ಎಷ್ಟು ಹೊತ್ತಿಗೆ, ಆಮೇಲೆ ಏನಾಯ್ತು ಅಂತ ಬಿಡಿಸಿ ಹೇಳಿ. ಎರಡು, ಮೇಲ್‌ನಲ್ಲಿ ಅನುಮಾನ ಬಂದ್ರೆ ತಾರೀಖು ಕೇಳಿ. "ಯಾವತ್ತು?" ಅನ್ನೋದಕ್ಕೆ ಎರಡು ಅರ್ಥ ಇರಲ್ಲ. ಮೂರು, ಟ್ರಾನ್ಸ್‌ಲೇಟ್ ಆ್ಯಪ್‌ಗೆ ಒಂಟಿ ಪದ ಕೊಡಬೇಡಿ, ಪೂರ್ತಿ ವಾಕ್ಯ ಕೊಡಿ. ಬಂದ ಉತ್ತರವನ್ನ ವಾಪಸ್ ಕನ್ನಡಕ್ಕೆ ತಿರುಗಿಸಿ ನೋಡಿ.

ನಿಮ್ಮ ಊರಲ್ಲಿ, ಮನೆಯಲ್ಲಿ ಇಂಥ ಒಂದೇ ಬೇರಿನ, ಬೇರೆ ಅರ್ಥದ ಪದಗಳಿದ್ರೆ ವಾಯ್ಸ್ ನೋಟ್ ಕಳಿಸಿ. ತುಳು, ಕೊಂಕಣಿ, ಉರ್ದು, ಮರಾಠಿ ಮಾತಾಡೋರ ಹತ್ತಿರ ರಾಶಿ ಇರುತ್ತೆ ಅಂತ ಗೊತ್ತು. ಚೆನ್ನಾಗಿರೋದನ್ನ ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಅಲ್ಲೀವರೆಗೂ ಹುಷಾರಾಗಿರಿ, ಸಿಗೋಣ.