ಆಹಾರವೆಂದು ಮಾರುವ ಗುಳಿಗೆ



ಔಷಧಿ ಅಂಗಡಿಯ ಕಪಾಟಿನಲ್ಲಿ ವಿಟಮಿನ್ ಗುಳಿಗೆ, ಪ್ರೋಟೀನ್ ಪುಡಿ, ಮೀನೆಣ್ಣೆಯ ಕ್ಯಾಪ್ಸೂಲು ಎಲ್ಲವೂ ಔಷಧಗಳ ಪಕ್ಕದಲ್ಲೇ ಇರುತ್ತವೆ. ನೋಡಲೂ ಔಷಧದಂತೆಯೇ. ಆದರೆ ಕಾನೂನಿನ ಪ್ರಕಾರ ಇವುಗಳಲ್ಲಿ ಬಹುಪಾಲು ಆಹಾರ. ಹೊಸ ಔಷಧವೊಂದು ಮಾರಾಟಕ್ಕೆ ಬರಬೇಕಾದರೆ ಅದು ಕೆಲಸ ಮಾಡುತ್ತದೆ, ಹಾನಿ ಮಾಡುವುದಿಲ್ಲ ಎಂದು ಮೊದಲೇ ಸಾಬೀತಾಗಬೇಕು. ಅನ್ನಕ್ಕೋ ಬೇಳೆಗೋ ಅಂಥ ಪರೀಕ್ಷೆ ಬೇಕಿಲ್ಲ. ಹಾಗಾದರೆ ಆಹಾರವೆಂದು ಮಾರುವ ಗುಳಿಗೆಯನ್ನು ಏನು ಮಾಡೋಣ? ಅಪಾಯವಿಲ್ಲ ಎಂದು ಮಾರುವವನು ತೋರಿಸಬೇಕೋ, ಅಪಾಯವಿದೆ ಎಂದು ಸರ್ಕಾರ ತೋರಿಸಬೇಕೋ? ಇವತ್ತಿನ ನನ್ನ ಮಾತು ಇದೊಂದೇ ಪ್ರಶ್ನೆಯನ್ನು ಕುರಿತದ್ದು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಜನ ಜೀವ ತೆತ್ತಿದ್ದಾರೆ. 1989ರಲ್ಲಿ ನಿದ್ದೆಗೆಂದು ಜನ ನುಂಗುತ್ತಿದ್ದ ಎಲ್-ಟ್ರಿಪ್ಟೊಫಾನ್ ಗುಳಿಗೆಯಿಂದ ತೀವ್ರ ಸ್ನಾಯುನೋವಿನ ರೋಗ ಹಬ್ಬಿತು. ಸಾವಿರಕ್ಕೂ ಹೆಚ್ಚು ಜನ ನರಳಿದರು, ಹಲವರು ಸತ್ತರು. ಇದಾದ ಮೇಲೆ ಕಾನೂನು ಬಿಗಿಯಾಗಬೇಕಿತ್ತು. ಆದದ್ದು ಬೇರೆ. ‘ನಮ್ಮ ವಿಟಮಿನ್ ಕಿತ್ತುಕೊಳ್ಳಲು ಬರುತ್ತಿದ್ದಾರೆ’ ಎಂಬ ಪ್ರಚಾರ ಎದ್ದಿತು, ಸಂಸತ್ತಿಗೆ ಪತ್ರಗಳ ಮಳೆ ಸುರಿಯಿತು. 1994ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯಿದೆ ಇಂಥ ಗುಳಿಗೆ, ಪುಡಿಗಳನ್ನು, ಅಂದರೆ ಸಪ್ಲಿಮೆಂಟನ್ನು, ಆಹಾರದ ಸಾಲಿಗೇ ಸೇರಿಸಿತು. ಮಾರುವ ಮುನ್ನ ಅನುಮೋದನೆ ಬೇಡ. ಅಪಾಯವಿದ್ದರೆ ಅದನ್ನು ಸರ್ಕಾರವೇ ರುಜುವಾತು ಮಾಡಬೇಕು.

ಅದರ ಫಲ ಎಫೆಡ್ರಾ ಎಂಬ ಗಿಡಮೂಲಿಕೆಯ ವಿಷಯದಲ್ಲಿ ಕಂಡಿತು. ತೂಕ ಇಳಿಸಲೆಂದು ಮಾರುತ್ತಿದ್ದ ಇದನ್ನು ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ವರದಿಗಳು ಬರುತ್ತಲೇ ಇದ್ದವು. 2003ರಲ್ಲಿ ಸ್ಟೀವ್ ಬೆಕ್ಲರ್ ಎಂಬ 23 ವರ್ಷದ ಬೇಸ್‌ಬಾಲ್ ಆಟಗಾರ ಅಭ್ಯಾಸದ ವೇಳೆ ಕುಸಿದು ತೀರಿಕೊಂಡ. ಅವನ ಸಾವಿನಲ್ಲಿ ಎಫೆಡ್ರಾದ ಪಾಲೂ ಇತ್ತು ಎಂದು ಶವಪರೀಕ್ಷೆ ಮಾಡಿದ ವೈದ್ಯರು ಹೇಳಿದರು. ನಿಷೇಧ ಬಂದದ್ದು 2004ರಲ್ಲಿ, ಕಾಯಿದೆಯಾದ ಹತ್ತು ವರ್ಷಕ್ಕೆ.

ಕಾಯಿದೆ ಬಂದ ಅದೇ 1994ರಲ್ಲಿ ಫಿನ್‌ಲ್ಯಾಂಡಿನ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಬೀಟಾ ಕ್ಯಾರೋಟಿನ್ ಕ್ಯಾನ್ಸರನ್ನು ತಡೆದೀತು ಎಂಬ ನಿರೀಕ್ಷೆಯಲ್ಲಿ 29,133 ಧೂಮಪಾನಿ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಆ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಗಜ್ಜರಿಯಲ್ಲಿದ್ದಾಗ ಒಳ್ಳೆಯದಾದದ್ದು ಗುಳಿಗೆಯಲ್ಲೂ ಒಳ್ಳೆಯದೇ ಆಗಬೇಕೆಂದಿಲ್ಲ. ಇಂಥದ್ದು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಸಾಬೀತಿನ ಹೊಣೆ ಮಾರುವವನದೇ ಆಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಆಹಾರದ ಮಾನದಂಡಗಳನ್ನು ರೂಪಿಸುವ ಕೆಲಸ ಕೋಡೆಕ್ಸ್ ಆಯೋಗದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಕೂಡಿ 1963ರಲ್ಲಿ ಅದನ್ನು ಆರಂಭಿಸಿದವು. ವಿಟಮಿನ್ ಮತ್ತು ಖನಿಜಾಂಶದ ಸಪ್ಲಿಮೆಂಟುಗಳಿಗೆ ಅದು 2005ರಲ್ಲಿ ರೋಮ್‌ನಲ್ಲಿ ಮಾರ್ಗಸೂಚಿ ಒಪ್ಪಿತು. ಸಪ್ಲಿಮೆಂಟಿನ ಯೋಚನೆಗೆ ಮೊದಲು ಸಮತೋಲನದ ಊಟವನ್ನು ಆರಿಸಿಕೊಳ್ಳುವಂತೆ ಜನರನ್ನು ಪ್ರೋತ್ಸಾಹಿಸಬೇಕು ಎಂದು ಅದರ ಪೀಠಿಕೆಯೇ ಹೇಳುತ್ತದೆ. ಪ್ರಮಾಣದ ಗರಿಷ್ಠ ಮಿತಿಯನ್ನು ವಿಜ್ಞಾನದ ಅಳತೆಯಿಂದ, ಎಷ್ಟರವರೆಗೆ ದೇಹಕ್ಕೆ ಸುರಕ್ಷಿತ ಎಂದು ನೋಡಿ ನಿಗದಿ ಮಾಡಬೇಕು ಎನ್ನುತ್ತದೆ. ಕೋಡೆಕ್ಸ್ ವಿಟಮಿನ್ನನ್ನೇ ನಿಷೇಧಿಸಲಿದೆ ಎಂಬ ಗುಲ್ಲು ಆಗ ಹಲವು ದೇಶಗಳಲ್ಲಿ ಹಬ್ಬಿತ್ತು. ಅದು ಸುಳ್ಳು. ಮಾರ್ಗಸೂಚಿ ಯಾವ ದೇಶಕ್ಕೂ ಕಾನೂನಲ್ಲ. ಆದರೂ ವಿಶ್ವ ವ್ಯಾಪಾರ ಸಂಸ್ಥೆ ಆಹಾರ ಸುರಕ್ಷತೆಯ ತಕರಾರುಗಳಲ್ಲಿ ಕೋಡೆಕ್ಸನ್ನೇ ಆಧಾರವಾಗಿ ಹಿಡಿಯುವುದರಿಂದ ಅದರ ಮಾತಿಗೆ ತೂಕವಿದೆ.

ನಮ್ಮಲ್ಲಿ 2006ರ ಆಹಾರ ಸುರಕ್ಷತೆ ಕಾಯಿದೆಯ 22ನೇ ಕಲಮು ಸಪ್ಲಿಮೆಂಟುಗಳನ್ನು ಹೆಸರಿಸಿತು. ಅವುಗಳ ಕುರಿತ 2016ರ ನಿಯಮಾವಳಿ 2018ರ ಜನವರಿಯಿಂದ ಜಾರಿಗೆ ಬಂತು. ಪೋಷಕಾಂಶಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ ದಿನದ ಪ್ರಮಾಣವನ್ನು ಮೀರಬಾರದು ಎಂದು ಅದು ವಿಧಿಸಿತು. ಕೋಡೆಕ್ಸಿಗಿಂತ ಅದು ಬಿಗಿಯಾಗಿತ್ತು. ಅಷ್ಟು ಬಿಗಿ ಬೇಡ ಎಂಬ ಉದ್ಯಮದವರ ವಾದವನ್ನು ನಾನು ಒಪ್ಪುವುದಿಲ್ಲ. ವೈದ್ಯರನ್ನು ಕೇಳದೆ ಅಂಗಡಿಯವನನ್ನು ಕೇಳಿ ಗುಳಿಗೆ ತರುವ ನಾಡಿನಲ್ಲಿ ಕಡಿಮೆ ಮಿತಿಯೇ ಕ್ಷೇಮ. ವಿಟಮಿನ್ ಡಿ ನೋಡಿ. ಮಂಡಳಿಯ 2020ರ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಸಾಕು. ವೈದ್ಯರು ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಬರೆದುಕೊಡುವ ಪೊಟ್ಟಣದಲ್ಲಿರುವುದು 60,000 ಯೂನಿಟ್. ಅದನ್ನು ದಿನಾ ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ.

ಸಪ್ಲಿಮೆಂಟು ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಗರ್ಭಿಣಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಬೇಕೇ ಬೇಕು. ಕಟ್ಟಾ ಸಸ್ಯಾಹಾರಿಗಳಲ್ಲಿ ಕೆಲವರಿಗೆ ಬಿ12 ಬೇಕಾಗುತ್ತದೆ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಾಗ ಮುದ್ದೆಯನ್ನು ಬಿಟ್ಟು ಡಬ್ಬಿಗೆ ಕೈ ಚಾಚುವ ಮೊದಲು ಒಮ್ಮೆ ಯೋಚಿಸಿ.

ಔಷಧವಾಗಿ ಬಳಸಬಾರದು ಎಂಬ ಸೂಚನೆ ಡಬ್ಬಿಯ ಮೇಲೆ ಇರಲೇಬೇಕೆಂದು ನಿಯಮವಿದೆ. ಅದನ್ನು ಓದಿ. ರೋಗ ವಾಸಿಮಾಡುತ್ತೇವೆ ಎಂದು ಯಾವ ಸಪ್ಲಿಮೆಂಟಾದರೂ ಹೇಳಿದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಅಷ್ಟೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಥೈರಾಯ್ಡ್ ಗುಳಿಗೆಯ ಜೊತೆಗೇ ಕ್ಯಾಲ್ಸಿಯಂ ನುಂಗಿದರೆ ಥೈರಾಯ್ಡ್ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ನೀವು ಹೇಳದಿದ್ದರೆ ವೈದ್ಯರಿಗೆ ಅದು ತಿಳಿಯುವುದಿಲ್ಲ.